ಹೊಲ ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ದವಾಖಾನಿ ಖರ್ಚು ಯಾರದು?

(ನಮ್ಮ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ವೇಳೆಯಲ್ಲಿ ಸಾಲ, ಗೊಬ್ಬರ, ಬೀಜದ ವಿಷಯ ಬಲ್ಲವರು ಮಾತಾಡಿದ್ದಾರೆ. ನಮಗೆ ಅಧ್ಯಕ್ಷರು ಕೊಟ್ಟ ವಿಷಯ ಆರೋಗ್ಯ ವಿಮೆಯದು. ಇದು ಡಾಕ್ಟರರು ಹೇಳಬೇಕಾದ ಮಾತು, ಎಸ್ಸೆಸ್ಸೆಲ್ಸಿ ಓದಿದ ರೈತರು ನಾವೇನು ಹೇಳೋದು ಎಂದು ತಮಗೆ ಅನಿಸಬಹುದು. ಆದರೆ ರೋಗದ ಮಾತು ಡಾಕ್ಟರರದಾದರೂ ರೊಕ್ಕದ ಮಾತು ನಮ್ಮದೇ. ತೊಗರಿ ಮಾರಿದ ರೊಕ್ಕ ಎಲ್ಲಿ ಹೋಯಿತು ಎಂದು ಮನೆ ಮನೆಯಲ್ಲಿ ಕೇಳಿದರೆ ಬರುವ ಉತ್ತರ ಮೂರೇ: ಸಾಲಕ್ಕೆ ಹೋಯಿತು, ಮದುವೆಗೆ ಹೋಯಿತು, ದವಾಖಾನಿಗೆ ಹೋಯಿತು. ಮೊದಲಿನ ಎರಡು ಬರುವುದು ಮುಂಚೆಯೇ ಗೊತ್ತಿರುತ್ತದೆ. ಮೂರನೆಯದು ಹೇಳಿ ಕೇಳಿ ಬರುವುದಿಲ್ಲ.

ನೌಕರಿ ಮಾಡುವವರಿಗೆ ಅರವತ್ತು ವರ್ಷಕ್ಕೆ ನಿವೃತ್ತಿ ಎಂಬುದಿದೆ. ನಿವೃತ್ತಿಯ ನಂತರ ದವಾಖಾನಿ ಖರ್ಚನ್ನು ಮಾಲೀಕರು ನೋಡುತ್ತಾರೋ, ಸರ್ಕಾರ ನೋಡುತ್ತದೋ, ತಾವೇ ಪಾಲಿಸಿ ಕೊಳ್ಳಬೇಕೋ ಎಂದು ಅವರು ತೂಗಿ ನೋಡುತ್ತಾರೆ. ರೈತನಿಗೆ ನಿವೃತ್ತಿ ಇಲ್ಲ ಎನ್ನುತ್ತಾರೆ. ನಮ್ಮ ತಿಳುವಳಿಕೆಯಲ್ಲಿ ಅದು ಪೂರ್ತಿ ನಿಜವಲ್ಲ. ಹೊಲ ಮಕ್ಕಳ ಹೆಸರಿಗೆ ಮಾಡಿ, ಎತ್ತಿನ ಹಗ್ಗ ಅವರ ಕೈಗೆ ಕೊಟ್ಟು, ಅಗಸಿ ಕಟ್ಟೆಗೆ ಬಂದು ಕೂತ ದಿನವೇ ನಮ್ಮ ನಿವೃತ್ತಿ. ಆ ದಿನ ಪಿಂಚಣಿ ಆದೇಶ ಬರುವುದಿಲ್ಲ, ಹಾರ ಹಾಕುವುದಿಲ್ಲ. ಆದರೆ ಕೈಯಿಂದ ಹೊಲ ಹೋಗಿರುತ್ತದೆ, ಬಹಳ ಸಲ ಸಂಘದ ಷೇರೂ ಹೋಗಿರುತ್ತದೆ. ಷೇರು ಹೋದರೆ ಇನ್ನೇನೇನು ಹೋಗುತ್ತದೆ ಎಂಬುದನ್ನೇ ಇವತ್ತು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ನಮ್ಮೂರಿನಲ್ಲಿ ನೌಕರಿಯಿಂದ ನಿವೃತ್ತರಾದವರ ಮಾತು. ಶಾಲೆ ಮಾಸ್ತರರು, ಬಸ್ಸಿನ ಡ್ರೈವರ್ ಕಂಡಕ್ಟರರು, ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರು, ಮಿಲಿಟರಿಯಿಂದ ಬಂದವರು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಇದ್ದಾರೆ. ಇವರೆಲ್ಲರಿಗೂ ಒಂದೇ ನಿಯಮ ಎಂದು ತಿಳಿಯಬಾರದು. ಮಾಜಿ ಸೈನಿಕರಿಗೆ 2003ರಿಂದ ಇ.ಸಿ.ಎಚ್.ಎಸ್. ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿ.ಜಿ.ಎಚ್.ಎಸ್. ಇದೆ. ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ಇದ್ದ ಜ್ಯೋತಿ ಸಂಜೀವಿನಿ ಯೋಜನೆ ಸೇವೆಯಲ್ಲಿರುವ ನೌಕರರಿಗೆ ಮತ್ತು ಅವರ ಅವಲಂಬಿತರಿಗೆ ಎಂದು ಮಾಡಿದ್ದು. ಸೇವೆಯಲ್ಲಿ ಇದ್ದಾಗ ಇದ್ದದ್ದು ಸೇವೆ ಮುಗಿದ ಮೇಲೂ ಇರುತ್ತದೆ ಎಂದು ಯಾರೂ ತಾವಾಗಿಯೇ ನಂಬಿ ಕೂರಬಾರದು. ನಿವೃತ್ತಿಯಾಗುವ ಮುಂಚೆ ತಮ್ಮ ಕಚೇರಿಯಲ್ಲಿ ಮೂರು ಮಾತು ಕೇಳಬೇಕು: ನಮಗೆ ಮುಂದೆ ಏನಿದೆ? ಹೆಂಡತಿಗೆ ಇದೆಯೋ ಇಲ್ಲವೋ? ನಾವು ತೀರಿಕೊಂಡ ಮೇಲೆ ಆಕೆಗೆ ಮುಂದುವರಿಯುತ್ತದೋ? ಬಾಯಿಮಾತಿನ ಉತ್ತರ ಸಾಲದು, ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದು ವಯಸ್ಸಾಗಿ ಊರಿಗೆ ಮರಳಿದವರಿಗೂ ಒಂದು ಮಾತು. ಸಂಬಳದಲ್ಲಿ ಇ.ಎಸ್.ಐ. ಕಡಿತವಾಗುತ್ತಿದ್ದು, ಕನಿಷ್ಠ 5 ವರ್ಷ ಅದರ ವ್ಯಾಪ್ತಿಯಲ್ಲಿದ್ದು, ನಿವೃತ್ತಿ ವಯಸ್ಸಿಗೆ ಕೆಲಸ ಬಿಟ್ಟವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇ.ಎಸ್.ಐ. ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತೇ ರೂಪಾಯಿ. ಕಲಬುರಗಿಯಲ್ಲಿ ಇ.ಎಸ್.ಐ. ದೊಡ್ಡ ಆಸ್ಪತ್ರೆ ಇದೆ. ಇದು ಗೊತ್ತಿಲ್ಲದೆ ಹಳೆಯ ಕಾರ್ಡನ್ನು ಟ್ರಂಕಿನಲ್ಲಿ ಇಟ್ಟವರು ಇವತ್ತು ಮನೆಗೆ ಹೋಗಿ ಹುಡುಕಬೇಕು.

ಇನ್ನು ನಮ್ಮಂಥ ರೈತರ ಮಾತು. ನಮಗೆ ಮಾಲೀಕನಿಲ್ಲ. ಹಾಗಾದರೆ ನಮ್ಮ ಪರವಾಗಿ ನಿಲ್ಲುವವರು ಯಾರು? ಇದಕ್ಕೆ ಕರ್ನಾಟಕ ಕೊಟ್ಟ ಉತ್ತರವೇ ಸಹಕಾರ ಸಂಘ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದಾಗ ಇದ್ದ ಉದ್ದೇಶ ಸಾಲದ ಶೂಲದಿಂದ ರೈತನನ್ನು ಬಿಡಿಸುವುದು. ನೂರು ವರ್ಷದ ಹತ್ತಿರ ಬಂದಾಗ ಅದೇ ಸಂಘದ ಬಾಗಿಲಿನಿಂದ ಆರೋಗ್ಯದ ರಕ್ಷಣೆಯೂ ಬಂತು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಹೃದಯದ ಡಾಕ್ಟರ್ ದೇವಿ ಶೆಟ್ಟಿ ಅವರ ಸಲಹೆಯಿಂದ, 2002ರ ನವೆಂಬರ್ 14ರಂದು ಯಶಸ್ವಿನಿ ಯೋಜನೆಗೆ ಚಾಲನೆ ಸಿಕ್ಕಿತು. 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಆಗ ಒಬ್ಬರಿಗೆ ವರ್ಷಕ್ಕೆ ಕಟ್ಟಬೇಕಾದದ್ದು 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ನಮ್ಮ ಸಂಘಕ್ಕೂ ಯಶಸ್ವಿನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಇದರ ಲೆಕ್ಕ ನಮಗೆ ಹೊಸದಲ್ಲ. ಸುಗ್ಗಿಯಲ್ಲಿ ಮುಯ್ಯಿಗೆ ಹೋಗುತ್ತೇವಲ್ಲ, ಹಾಗೆ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದ ರೊಕ್ಕ, ಅದಕ್ಕೆ ಸರ್ಕಾರದ ಪಾಲು, ಎರಡೂ ಸೇರಿ ಆ ವರ್ಷ ಯಾರ ಮನೆಗೆ ಕಷ್ಟ ಬಂತೋ ಅವರಿಗೆ ಆಗುತ್ತದೆ. ಕಷ್ಟ ಬರದವನ ರೊಕ್ಕ ಹಾಳಾಯಿತು ಎನ್ನಬಾರದು. ಅವನ ಮನೆಗೆ ಕಷ್ಟ ಬರಲಿಲ್ಲ, ಅದೇ ಅವನ ಲಾಭ.

2018ರಲ್ಲಿ ಈ ಯೋಜನೆ ನಿಂತಿತು. ಎಲ್ಲ ಯೋಜನೆಗಳನ್ನೂ ಕೂಡಿಸಿ ಆರೋಗ್ಯ ಕರ್ನಾಟಕ ಎಂದು ಮಾಡಿದರು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಅದು ಒಂದಾಯಿತು. ಬಿ.ಪಿ.ಎಲ್. ಕಾರ್ಡಿನವರಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಎ.ಪಿ.ಎಲ್. ಕಾರ್ಡಿನ ರೈತರಿಗೆ ಇದ್ದ ಆಸರೆ ಸಣ್ಣದಾಯಿತು. ರೈತರು, ಸಹಕಾರಿಗಳು ನಾಲ್ಕು ವರ್ಷ ಕೇಳಿದ ಮೇಲೆ 2022ರಲ್ಲಿ ಸರ್ಕಾರ ಯಶಸ್ವಿನಿಯನ್ನು ಮತ್ತೆ ತರಲು ಒಪ್ಪಿ, ಆ ನವೆಂಬರ್‌ನಿಂದ ನೋಂದಣಿ ಮಾಡಿ, 2023ರ ಜನವರಿ 1ರಿಂದ ಚಿಕಿತ್ಸೆ ಆರಂಭಿಸಿತು. ಸದಸ್ಯರು ಕೇಳಿದರೆ ನಿಂತ ಯೋಜನೆಯೂ ಎದ್ದು ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸರ್ಕಾರ ನಿಲ್ಲಿಸಿದರೆ ನಿಲ್ಲುತ್ತದೆ ಎಂಬ ಎಚ್ಚರವೂ ಇದರಲ್ಲೇ ಇದೆ.

ಈಗ ತಕ್ಕಡಿ ಹಿಡಿದು ಎರಡನ್ನೂ ತೂಗೋಣ.

ಒಂದು ತಟ್ಟೆಯಲ್ಲಿ ಆಯುಷ್ಮಾನ್ ಕಾರ್ಡು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ನಾವು ಕಂತು ಕಟ್ಟುವುದಿಲ್ಲ. ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ದರದ ನೂರಕ್ಕೆ 30 ಪಾಲು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅಂದರೆ ಒಂದು ಲಕ್ಷ ದರದ ಆಪರೇಷನ್ ಆದರೆ 30 ಸಾವಿರ ಸರ್ಕಾರದ್ದು, 70 ಸಾವಿರ ನಮ್ಮದು. ಕಾರ್ಡು ಎರಡೂ ಮನೆಯಲ್ಲಿ ಒಂದೇ ಥರ ಕಾಣುತ್ತದೆ. ಒಳಗಿನ ಬೆಲೆ ಬೇರೆ. ಇನ್ನೊಂದು ಮಾತೆಂದರೆ ತುರ್ತು ಇಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಚೀಟಿ ಬರೆದುಕೊಟ್ಟ ಮೇಲೆಯೇ ಖಾಸಗಿ ಆಸ್ಪತ್ರೆ. ಆ ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ ಕಾರ್ಡು ತೋರಿಸಿ, ‘ನಡೆಯಲ್ಲಂತಾರ್ರೀ’ ಎಂದು ಬೈದುಕೊಂಡು ಬಂದವರು ನಮ್ಮಲ್ಲಿ ಬಹಳ ಜನ. ತುರ್ತು ಇದ್ದಾಗ ಚೀಟಿ ಬೇಕಿಲ್ಲ.

ಇಲ್ಲಿಯೇ ಇನ್ನೊಂದು ಗೊಂದಲ ಬಿಡಿಸುತ್ತೇವೆ. ಆಭಾ ಕಾರ್ಡು ಬೇರೆ, ಆಯುಷ್ಮಾನ್ ಕಾರ್ಡು ಬೇರೆ. ಆಭಾ ಎಂಬುದು ನಮ್ಮ ಕಾಯಿಲೆ, ಪರೀಕ್ಷೆಗಳ ದಾಖಲೆ ಇಡುವ ನಂಬರು. ಅದರಿಂದ ಬಿಲ್ಲು ತೀರುವುದಿಲ್ಲ.

ಇನ್ನೊಂದು ತಟ್ಟೆಯಲ್ಲಿ ಯಶಸ್ವಿನಿ. ಗ್ರಾಮೀಣ ಸಂಘದ ಸದಸ್ಯರ ಕುಟುಂಬದಲ್ಲಿ ನಾಲ್ಕು ಜನರವರೆಗೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆ ಸರ್ಕಾರವೇ ಭರಿಸುತ್ತದೆ. ಆದರೆ ಅವರೂ ಹೆಸರು ಬರೆಸಲೇಬೇಕು, ಬರೆಸದಿದ್ದರೆ ಉಚಿತವೂ ಸಿಗದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಇಲ್ಲಿ ಎ.ಪಿ.ಎಲ್., ಬಿ.ಪಿ.ಎಲ್. ಎಂಬ ಭೇದ ಇಲ್ಲ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನಾವೇ ಹೋಗಬಹುದು, ಆಪರೇಷನ್‌ಗೆ ಒಪ್ಪಿಗೆಯನ್ನು ಆಸ್ಪತ್ರೆಯವರೇ ತರಿಸಿಕೊಳ್ಳುತ್ತಾರೆ. ರಕ್ಷಣೆ ಇರುವುದು ಸಾಮಾನ್ಯ ವಾರ್ಡಿಗೆ. ಸ್ಪೆಷಲ್ ರೂಮು ಬೇಕೆಂದರೆ ಹೆಚ್ಚಿನ ಹಣ ನಮ್ಮದು.

ಆರು ಜನರ ಮನೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ 700 ರೂಪಾಯಿ. ತಿಂಗಳಿಗೆ 60 ರೂಪಾಯಿಯೂ ಬೀಳುವುದಿಲ್ಲ. ಹತ್ತು ವರ್ಷ ತಪ್ಪದೆ ಕಟ್ಟಿದರೂ ಏಳು ಸಾವಿರ.

ಆದರೆ ಇದರಲ್ಲಿ ಎಲ್ಲವೂ ಬರುತ್ತದೆ ಎಂದು ಹೇಳಿ ತಮಗೆ ಆಸೆ ಹುಟ್ಟಿಸುವುದಿಲ್ಲ. ಇದು ಮುಖ್ಯವಾಗಿ ಆಪರೇಷನ್‌ಗಳ ಯೋಜನೆ. ಬಿ.ಪಿ., ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ನುಂಗುವ ಗುಳಿಗೆ ಇದರಲ್ಲಿ ಬರುವುದಿಲ್ಲ. ಹಳೆಯ ಯಶಸ್ವಿನಿಯಲ್ಲಿ ಹಾವು ಕಡಿತ, ಎತ್ತು ಹಾಯ್ದ ಗಾಯ, ಕರೆಂಟು ಹೊಡೆತ, ಒಕ್ಕಲುತನದ ಯಂತ್ರದಿಂದಾದ ಗಾಯ ಇಂಥವು ಸೇರಿದ್ದವು. ಅದು ರೈತರಿಗೆಂದೇ ಮಾಡಿದ್ದು. ಆದರೆ ಕೀಲು ಬದಲಾವಣೆ, ಕಿಡ್ನಿ ಬದಲಾವಣೆ, ರಸ್ತೆ ಅಪಘಾತ ಇವು ಸೇರಿರಲಿಲ್ಲ. ಆದ್ದರಿಂದ ನಮಗೆ ಬೇಕಾದ ಚಿಕಿತ್ಸೆ ಈ ವರ್ಷದ ಪಟ್ಟಿಯಲ್ಲಿದೆಯೋ, ನಾವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೋ ಎಂಬ ಎರಡು ಮಾತನ್ನು ಬಸ್ಸು ಹತ್ತುವ ಮುಂಚೆ ಕೇಳಬೇಕು, ದಾಖಲಾದ ಮೇಲೆ ಅಲ್ಲ.

ಇನ್ನೊಂದು ನಿಯಮ ಗಮನಿಸಿರಿ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ, ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 30,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರಿದ್ದರೆ, ಅಥವಾ ಕುಟುಂಬ ಬೇರೆ ಆರೋಗ್ಯ ವಿಮೆಯಲ್ಲಿದ್ದರೆ ಯಶಸ್ವಿನಿಗೆ ಸೇರಲು ಬರುವುದಿಲ್ಲ ಎಂದು ನಿಯಮಾವಳಿಯಲ್ಲಿದೆ. ಹೀಗಾಗಿ ಮಗ ಬೆಂಗಳೂರಿನ ಕಂಪನಿಯಲ್ಲಿ ಅಪ್ಪ ಅವ್ವನ ಹೆಸರನ್ನು ವಿಮೆಗೆ ಸೇರಿಸಿದ್ದರೆ, ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ಮನೆಯವರೆಲ್ಲ ಕೂತು ಯೋಚನೆ ಮಾಡಬೇಕು. ಕಂಪನಿ ವಿಮೆ ದೊಡ್ಡದು, ಚೆನ್ನಾಗಿಯೂ ಇರುತ್ತದೆ. ಆದರೆ ಅದು ಮಗನ ನೌಕರಿಗೆ ಕಟ್ಟಿದ್ದು. ನೌಕರಿ ಬಿಟ್ಟ ದಿನ ಅಪ್ಪನ ವಿಮೆಯೂ ಮುಗಿಯಿತು. ಕೆಲಸ ಬಿಡುವ ಮುಂಚೆ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ದಾರಿ ಇದೆಯೋ ಎಂದು ಮಗ ವಿಚಾರಿಸಬೇಕು. ಬಿಟ್ಟ ಮೇಲೆ ವಿಚಾರಿಸಿದರೆ ತಡವಾಗುತ್ತದೆ.

ಖಾಸಗಿ ಪಾಲಿಸಿ ಕೊಳ್ಳುವ ಶಕ್ತಿ ಇರುವವರು ಕೊಳ್ಳಲಿ, ಬೇಡ ಎನ್ನುವುದಿಲ್ಲ. 2024ರ ಏಪ್ರಿಲ್‌ನಿಂದ 65 ವರ್ಷ ದಾಟಿದವರಿಗೂ ಹೊಸ ಪಾಲಿಸಿ ಕೊಡಲು ಇದ್ದ ಅಡ್ಡಿ ತೆಗೆದಿದ್ದಾರೆ. ಮುಂಚೆಯೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ ಎಂದು ಮಾಡಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ.ಯೂ ಹೋಗಿದೆ. ಇಷ್ಟಾದರೂ ವಯಸ್ಸು ಏರಿದಂತೆ ಕಂತು ಏರುತ್ತದೆ. ಮಳೆ ನಂಬಿದ ಹೊಲದ ರೈತ ಒಂದು ವರ್ಷ ಕಟ್ಟಿ ಮರುವರ್ಷ ಬಿಟ್ಟರೆ, ಕಾದ ಅವಧಿಯೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಇದ್ದ ಕಾಯಿಲೆ ಮುಚ್ಚಿಟ್ಟು ಫಾರ್ಮು ತುಂಬಬೇಡಿರಿ. ಏಜೆಂಟರು ‘ಇರಲಿ ಬಿಡ್ರೀ, ಬರೆಯೋದು ಬ್ಯಾಡ’ ಎಂದರೂ ಬರೆಸಿರಿ. ಬಿಲ್ಲು ಬಂದ ದಿನ ಏಜೆಂಟರು ಇರುವುದಿಲ್ಲ, ಫಾರ್ಮು ಇರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಣ್ಣೆದುರು ನಡೆದ ಒಂದು ಸಂಗತಿ ಹೇಳಬೇಕು. ಹೆಸರು ಬೇಡ. ಒಬ್ಬ ಹಿರಿಯರು ಇಬ್ಬರು ಮಕ್ಕಳಿಗೆ ಹೊಲ ಪಾಲು ಮಾಡಿದರು. ಸಂಘದ ಷೇರನ್ನು ದೊಡ್ಡ ಮಗನ ಹೆಸರಿಗೆ ಮಾಡಿಸಿದರು. ನಮ್ಮ ಕಡೆ ನಡೆಯುವ ಹಾಗೆ ಅಪ್ಪ ದೊಡ್ಡ ಮಗನ ಮನೆಗೆ, ಅವ್ವ ಸಣ್ಣ ಮಗನ ಮನೆಗೆ ಎಂದು ಊಟದ ಹಂಚಿಕೆಯೂ ಆಯಿತು. ದೊಡ್ಡ ಮಗ ಯಶಸ್ವಿನಿ ಬರೆಸುವಾಗ ಅಪ್ಪನ ಹೆಸರು ಬರೆಸಿದ. ಅವ್ವ ತಮ್ಮನ ಪಾಲಿಗೆ ಹೋಗಿದ್ದಾಳೆಂದು ಆಕೆಯ ಹೆಸರು ಬಿಟ್ಟ. ತಮ್ಮ ಸಂಘದ ಸದಸ್ಯನೇ ಆಗಿರಲಿಲ್ಲ, ರೇಶನ್ ಕಾರ್ಡು ಎ.ಪಿ.ಎಲ್. ಆಗಿತ್ತು. ಆ ವರ್ಷವೇ ಅವ್ವನಿಗೆ ಹೊಟ್ಟೆ ನೋವು ಬಂದು ಪಿತ್ತಕೋಶದ ಆಪರೇಷನ್ ಆಗಬೇಕಾಯಿತು. ಆ ಸಲದ ತೊಗರಿ ಪೂರ್ತಿ ಹೋಯಿತು, ಅದೂ ಸಾಲದೆ ಒಂದು ಜೋಡಿ ಎತ್ತು ಹೋದವು. ಅಣ್ಣ ತಮ್ಮ ಮಾತು ಬಿಟ್ಟರು. ಆ ತಾಯಿ ಗುಣವಾಗಿ ಬಂದು ಕಟ್ಟೆಯ ಮೇಲೆ ಕೂತು ಅಂದ ಮಾತು ಇದು: ‘ನನ್ನ ಪಾಲಿಗೆ ಎರಡು ಮನಿ ಅದಾವ, ಒಂದು ಕಾರ್ಡಿನ್ಯಾಗೂ ನನ್ನ ಹೆಸರಿಲ್ಲ.’

ಇಲ್ಲಿ ಕೊರತೆಯಾದದ್ದು ನೂರು ರೂಪಾಯಿಯದಲ್ಲ. ಪಾಲು ಮಾಡುವಾಗ ಹೊಲದ ಬದು, ಬಾವಿಯ ನೀರು, ಹಗೇವಿನ ಜೋಳ ಎಲ್ಲ ನೆನಪಿಟ್ಟು ಹಂಚಿದರು. ಹೆತ್ತವರ ಹೆಸರು ಯಾವ ಕಾರ್ಡಿನಲ್ಲಿ ಇರಬೇಕು ಎಂದು ಪಂಚರೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಇನ್ನು ಮುಂದೆ ನಮ್ಮೂರಿನಲ್ಲಿ ಪಾಲು ಪತ್ರ ಬರೆಯುವ ಪಂಚರು ಈ ಒಂದು ಮಾತು ಕೇಳಲೇಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಹಿರಿಯ ಸದಸ್ಯರಲ್ಲಿ ನಮ್ಮ ವಿನಂತಿ ಏನೆಂದರೆ, ಹೊಲ ಬಿಟ್ಟುಕೊಡಿರಿ, ಅದು ಮಕ್ಕಳ ಹಕ್ಕು. ಸಂಘದ ಸದಸ್ಯತ್ವವನ್ನು ಮಾತ್ರ ಯೋಚನೆ ಮಾಡದೆ ಬಿಟ್ಟುಕೊಡಬೇಡಿರಿ. ನೌಕರರಿಗೆ ಕಂಪನಿ ಹೇಗೋ ನಮಗೆ ಸಂಘ ಹಾಗೆ. ಕಂಪನಿ ಅರವತ್ತಕ್ಕೆ ಮನೆಗೆ ಕಳಿಸುತ್ತದೆ. ಸಂಘ ಹಾಗೆ ವಯಸ್ಸು ನೋಡಿ ಯಾರನ್ನೂ ಹೊರಗೆ ಕಳಿಸುವುದಿಲ್ಲ, ನಾವಾಗಿ ಬಿಟ್ಟರೆ ಮಾತ್ರ ಹೋಗುತ್ತದೆ. ಷೇರು ಮಗನ ಹೆಸರಿಗೆ ಹೋಗಲೇಬೇಕಾದರೆ, ಆ ವರ್ಷದಿಂದಲೇ ಗಂಡ ಹೆಂಡತಿ ಇಬ್ಬರ ಹೆಸರೂ ಮಗನ ಯಶಸ್ವಿನಿಯಲ್ಲಿ ಬಂದಿದೆಯೋ ನೋಡಿಕೊಳ್ಳಿರಿ. ನಾಮಿನಿ ಕಾಲಂ ಖಾಲಿ ಬಿಟ್ಟವರು ಅದನ್ನೂ ತುಂಬಿಸಿರಿ. ಗಂಡ ತೀರಿದ ಮೇಲೆ ತಾಯಂದಿರು ಸದಸ್ಯತ್ವಕ್ಕಾಗಿ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಹಾಗಾದರೆ ಯಾರು ಏನು ಮಾಡಬೇಕು? ಬಿ.ಪಿ.ಎಲ್. ಕಾರ್ಡಿನವರು ಮನೆಯ ಪ್ರತಿಯೊಬ್ಬರದೂ ಆಯುಷ್ಮಾನ್ ಕಾರ್ಡು ಮಾಡಿಸಿಡಿರಿ. ಆದರೆ ರೇಶನ್ ಕಾರ್ಡು ಎಂದಿಗೂ ಬಿ.ಪಿ.ಎಲ್. ಆಗಿಯೇ ಇರುತ್ತದೆ ಎಂದು ನೆಚ್ಚಬೇಡಿರಿ. 2024ರಲ್ಲಿ ರಾಜ್ಯದಲ್ಲಿ ಕಾರ್ಡುಗಳ ಪರಿಶೀಲನೆ ನಡೆದಾಗ ಎಷ್ಟು ಗಲಿಬಿಲಿಯಾಯಿತು ಎಂದು ಎಲ್ಲರಿಗೂ ನೆನಪಿದೆ. ಕಾರ್ಡು ಎ.ಪಿ.ಎಲ್. ಆದ ದಿನ ಅಕ್ಕಿ ಹೋಗುವುದಷ್ಟೇ ಅಲ್ಲ, 5 ಲಕ್ಷದ ರಕ್ಷಣೆಯೂ ನೂರಕ್ಕೆ 30ಕ್ಕೆ ಇಳಿಯುತ್ತದೆ. ಎ.ಪಿ.ಎಲ್. ಕಾರ್ಡಿನ ರೈತರಿಗಂತೂ ಯಶಸ್ವಿನಿ ಬಿಟ್ಟರೆ ಇಷ್ಟು ಕಡಿಮೆ ರೊಕ್ಕಕ್ಕೆ ಬೇರೆ ಆಸರೆ ಇಲ್ಲ. ಅವರು ಒಂದು ವರ್ಷವೂ ತಪ್ಪಿಸಬಾರದು. 70 ವರ್ಷ ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಪ್ರಾರಂಭಿಸಿದ ಯೋಜನೆಯೂ ಇದೆ. ಅದನ್ನು ನಂಬಿ ಯಶಸ್ವಿನಿ ಬಿಡುವ ಮುಂಚೆ ನಮ್ಮ ಆಸ್ಪತ್ರೆಗಳಲ್ಲಿ ಅದು ನಡೆಯುತ್ತದೋ ಎಂದು ವಿಚಾರಿಸಿರಿ.

ಎಲ್ಲ ಕಾರ್ಡಿಗಿಂತ ಮೊದಲು ಸರ್ಕಾರಿ ದವಾಖಾನಿ ಇದೆ ಎಂಬುದನ್ನೂ ಮರೆಯಬಾರದು. ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಆಸ್ಪತ್ರೆಗಳು, ರಾಯಚೂರಿನ ರಿಮ್ಸ್, ಹೃದಯಕ್ಕೆ ಕಲಬುರಗಿಯ ಜಯದೇವ ಇವೆ. ಎದೆ ನೋವು, ಹಾವು ಕಡಿತದಂಥ ವೇಳೆಯಲ್ಲಿ ಯಾವ ಕಾರ್ಡು ಎಂದು ಮನೆಯಲ್ಲಿ ಹುಡುಕುತ್ತಾ ಕೂರಬಾರದು. 108ಕ್ಕೆ ಫೋನು ಮಾಡಿ ಹೊರಡಬೇಕು, ಕಾರ್ಡು ಹಿಂದಿನಿಂದ ಬರಲಿ.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ನಮ್ಮ ಮೂರು ಸಲಹೆಗಳು. ಒಂದು, ನೋಂದಣಿ ಶುರುವಾದ ಕೂಡಲೇ ಡಂಗುರ ಹಾಕಿಸಿ, ಹಿಂದಿನ ವರ್ಷ ಬರೆಸಿ ಈ ವರ್ಷ ಬಿಟ್ಟವರ ಪಟ್ಟಿ ತೆಗೆದು ಮನೆಗೆ ಹೇಳಿ ಕಳಿಸಬೇಕು. ಎರಡು, ಆಸ್ಪತ್ರೆಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಸಂಘದ ಗೋಡೆಗೆ ಹಚ್ಚಬೇಕು. ಮೂರು, ರೊಕ್ಕದ ಅಡಚಣೆ ಇರುವ ಸದಸ್ಯರು ಬರೆದು ಒಪ್ಪಿದರೆ ಅವರ ಡಿವಿಡೆಂಡಿನಲ್ಲಿ ವಂತಿಗೆ ಹೊಂದಿಸುವ ಬಗ್ಗೆ ಮಹಾಸಭೆಯಲ್ಲಿ ಠರಾವು ಆಗಬೇಕು. ಬೆಳ್ಳಿಹಬ್ಬದ ನೆನಪಿಗೆ ಕಮಾನು ಕಟ್ಟುವುದಕ್ಕಿಂತ ಇದು ಮೇಲು ಎಂದು ನಮ್ಮ ಅಭಿಪ್ರಾಯ.

ನಮ್ಮ ಸಂತೆಕಲ್ಲೂರು ಘನಮಠ ಶಿವಯೋಗಿಗಳ ಊರು. ರೈತರಿಗಾಗಿ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನೇ ಬರೆದ ಶರಣರು ಅವರು. ಒಕ್ಕಲುತನದ ತಿಳುವಳಿಕೆಯನ್ನು ಬರಹದಲ್ಲಿ ಇಟ್ಟ ಊರಿನವರು ನಾವು, ನಮ್ಮ ಮನೆಯ ಹಿರಿಯರ ಹೆಸರನ್ನು ಒಂದು ಫಾರ್ಮಿನಲ್ಲಿ ಬರೆಸುವುದಕ್ಕೆ ಮರೆಯಬಾರದು. ಒಬ್ಬರು ಎಲ್ಲರಿಗಾಗಿ, ಎಲ್ಲರು ಒಬ್ಬರಿಗಾಗಿ ಎಂಬ ಸಹಕಾರದ ಮಾತು ಸಂಘದ ಬೋರ್ಡಿನ ಮೇಲೆ ಇದೆ. ಅದು ನಮ್ಮ ನಮ್ಮ ಮನೆಯ ಕಾರ್ಡಿನಲ್ಲೂ ಕಾಣಲಿ.



ಜೈ ಕಿಸಾನ್, ಜೈ ಸಹಕಾರ.